ಬೆನ್ನಿನವಳು

ಗುಡ್ಡದ ಮೇಲೊಂದು ಊರು, ಊರಿನ ತುದಿಗೊಂದು ಬಾಗಿಲು. ಆ ಬಾಗಿಲಿಗೆ ಯಾರೂ ಬೆನ್ನು ತೋರಿಸುವಂತಿರಲಿಲ್ಲ. ಹುಟ್ಟಿದ ಮಗುವನ್ನು ಮೊದಲು ಬಾಗಿಲ ಕಡೆ ಮುಖ ಮಾಡಿ ಮಲಗಿಸುತ್ತಿದ್ದರು, ಸತ್ತವರನ್ನು ಕೊನೆಗೆ ಬಾಗಿಲ ಕಡೆ ಮುಖ ಮಾಡಿ ಕೂರಿಸುತ್ತಿದ್ದರು. ನಡುವಿನ ಬದುಕನ್ನೂ ಹಾಗೆಯೇ ಕಳೆಯುತ್ತಿದ್ದರು. ರೊಟ್ಟಿ ತಟ್ಟುವಾಗ ಅತ್ತ ಮುಖ, ಜಗಳ ಆಡುವಾಗ ಅತ್ತ ಮುಖ, ಗಂಡ ಹೆಂಡತಿ ಮುನಿಸಿಕೊಂಡರೂ ಇಬ್ಬರದೂ ಒಂದೇ ಕಡೆ ಮುಖ. ಬಾಗಿಲ ಹಿಂದೆ ಏನಿದೆ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳಿಯಾರು. ಒಳಗಿರುವವರು ಮಲಗಿದ್ದಾರೆ ಎಂದು ಕೆಲವರು, ಹೊರಗೆ ಹೋದವರು ಇನ್ನೇನು ಬರುತ್ತಾರೆ ಎಂದು ಕೆಲವರು. ತಟ್ಟಿ ನೋಡಿದವರು ಮಾತ್ರ ಯಾರೂ ಇಲ್ಲ. ತಟ್ಟಬೇಕಾದರೆ ಹತ್ತಿರ ಹೋಗಬೇಕಲ್ಲ, ಅಷ್ಟು ಹತ್ತಿರ ಹೋಗುವುದು ಮರ್ಯಾದೆಯಲ್ಲ.

ಊರು ಮೇಲೆ, ಹೊಳೆ ಕೆಳಗೆ. ಹೊಲ ಕೆಳಗೆ, ಮೇವು ಕೆಳಗೆ, ಹೊಟ್ಟೆಗೆ ಬೇಕಾದದ್ದೆಲ್ಲ ಕೆಳಗೆ. ಹತ್ತುವುದೇನೋ ಸುಲಭ, ಬಾಗಿಲನ್ನು ನೋಡುತ್ತಲೇ ಹತ್ತಬಹುದು. ಇಳಿಯುವುದು ಹೇಗೆ? ಬೆನ್ನು ತೋರಿಸುವಂತಿಲ್ಲ, ಆದ್ದರಿಂದ ಹಿಂದೆ ಹಿಂದೆಯೇ ಇಳಿಯಬೇಕು. ಗುಡ್ಡದ ಮೈಗೆ ಅಂಟಿಕೊಂಡ ಕಲ್ಲಿನ ಮೆಟ್ಟಿಲು, ಒಂದು ಮಗ್ಗುಲಿಗೆ ಬಂಡೆ, ಇನ್ನೊಂದು ಮಗ್ಗುಲಿಗೆ ಕಮರಿ. ಮೆಟ್ಟಿಲು ಎಷ್ಟು ಎಂದು ನನ್ನನ್ನು ಕೇಳಬೇಡಿ. ಬಾಗಿಲ ಎದುರು ಮೆಟ್ಟಿಲು ಎಣಿಸುವುದು ಆ ಊರಲ್ಲಿ ದೊಡ್ಡ ತಪ್ಪು, ಎಣಿಸುವವನು ನಂಬಿಲ್ಲ ಎಂದೇ ಅರ್ಥ. ಮೆಟ್ಟಿಲುಗಳು ಮುಗಿಯುವಲ್ಲಿ ದಾರಿ ಥಟ್ಟನೆ ಬಂಡೆಯ ಕಡೆಗೆ ತಿರುಗುತ್ತದೆ. ತಿರುಗದೆ ನೇರ ಹೋದರೆ ಕಮರಿ. ತಿರುವು ದಾಟಿದ ಮೇಲೆ ಬಂಡೆ ಅಡ್ಡ ಬಂದು ಬಾಗಿಲು ಕಾಣುವುದಿಲ್ಲ. ಅಲ್ಲಿಂದ ಮುಂದೆ ಎಲ್ಲರೂ ಸೊಂಟ ನೆಟ್ಟಗೆ ಮಾಡಿಕೊಂಡು, ಕಣ್ಣಿದ್ದ ಕಡೆಗೆ ಕಾಲಿಡುತ್ತ, ಬೇರೆ ಊರಿನ ಜನರಂತೆಯೇ ನಡೆಯುತ್ತಿದ್ದರು.

ಹಿಂದೆ ಹಿಂದೆ ಇಳಿಯುವವರಿಗೆ ಕಾಲ ಕೆಳಗೆ ಏನಿದೆ ಎಂದು ಹೇಳುವವರು ಬೇಕು. ಹೇಳಬೇಕಾದರೆ ಕೆಳಗೆ ನೋಡಬೇಕು, ಕೆಳಗೆ ನೋಡಬೇಕಾದರೆ ಬಾಗಿಲಿಗೆ ಬೆನ್ನು ಕೊಡಬೇಕು. ಆ ಪಾಪವನ್ನು ಇಡೀ ಊರಿನ ಪರವಾಗಿ ಒಬ್ಬಳು ಹೊತ್ತಿದ್ದಳು. ಅವಳಿಗೆ ಮುಂಚೆ ಅವಳ ತಾಯಿ ಹೊತ್ತಿದ್ದಳು, ಅದಕ್ಕೆ ಮುಂಚೆ ತಾಯಿಯ ತಾಯಿ. ಅವಳನ್ನು ಬೆನ್ನಿನವಳು ಎಂದು ಕರೆಯುತ್ತಿದ್ದರು. ಅವಳ ಗುಡಿಸಲು ತಿರುವಿನ ಆಚೆ, ಬಾಗಿಲು ಕಾಣದ ಜಾಗದಲ್ಲಿ. ಬೆಳಿಗ್ಗೆ ಎದ್ದು ಸೆರಗನ್ನು ಹುಬ್ಬಿನ ತನಕ ಎಳೆದುಕೊಂಡು, ಕಣ್ಣನ್ನು ಕಾಲಿನ ಹೆಬ್ಬೆರಳಿಗೆ ಕಟ್ಟಿ ಹಾಕಿದವಳಂತೆ ಮೆಟ್ಟಿಲು ಹತ್ತುತ್ತಿದ್ದಳು. ಬೆನ್ನು ಕೊಟ್ಟವಳು ಬಾಗಿಲಿಗೆ ಮುಖ ತೋರಿಸುವಂತಿಲ್ಲ. ಮೇಲಿನ ಮೆಟ್ಟಿಲ ಹತ್ತಿರ ಕೆಳಗೆ ಮುಖ ಮಾಡಿ ಅವಳು ನಿಲ್ಲುತ್ತಿದ್ದಳು. ಊರಿನವರು ಸಾಲಾಗಿ ಅವಳಿಗೆ ಬೆನ್ನು ಮಾಡಿ ನಿಲ್ಲುತ್ತಿದ್ದರು. ಆಮೇಲೆ ಅವಳು ಹೇಳುತ್ತಾ ಇಳಿಯುತ್ತಿದ್ದಳು, ಸಾಲು ಅವಳ ಹಿಂದೆ ಇಳಿಯುತ್ತಿತ್ತು.

“ಇಳೀರಿ. ಇಳೀರಿ. ಇದು ಸವೆದೈತೆ, ಬಂಡೆ ಕಡೆ ಕಾಲಿಡಿ. ಇಳೀರಿ. ಇಲ್ಲಿ ಪಾಚಿ ಐತೆ, ಬೆರಳು ಊರಿ. ಇಳೀರಿ.”

ಮೂವತ್ತು ವರ್ಷ ಹೀಗೆ ಹೇಳಿದ್ದಳು. ಊರಿನವರ ಮುಖ ಅವಳು ನೋಡಿರಲಿಲ್ಲ, ಅವಳ ಮುಖ ಊರಿನವರು ನೋಡಿರಲಿಲ್ಲ. ಹೆಜ್ಜೆಯ ಸಪ್ಪಳದಲ್ಲೇ ಅವಳಿಗೆ ಎಲ್ಲರ ಗುರುತು. ಯಾರ ಮನೆಯಲ್ಲಿ ಮದುವೆ ನಿಶ್ಚಯವಾಗಿದೆ, ಯಾರು ರಾತ್ರಿ ಉಪವಾಸ ಮಲಗಿದ್ದಾರೆ, ಯಾವ ಸೊಸೆಗೆ ದಿನ ತುಂಬಿದೆ, ಎಲ್ಲ ಅವಳಿಗೆ ಹಿಮ್ಮಡಿಯೇ ಹೇಳುತ್ತಿತ್ತು. ಸಾಲಿನ ಕೊನೆಗೆ ಬರುತ್ತಿದ್ದ ಒಬ್ಬ ಮುದುಕಿಯಂತೂ ಅವಳನ್ನು ಬೈಯದೆ ಒಂದು ದಿನವೂ ಇಳಿದವಳಲ್ಲ. “ನಿಧಾನ ಕಣೇ, ನನ್ನ ಮಂಡಿ ನಿನ್ನ ನಾಲಿಗೆಯಷ್ಟು ಚುರುಕಲ್ಲ” ಎನ್ನುತ್ತಿದ್ದಳು. ಬೆನ್ನಿನವಳು ಸೆರಗಿನೊಳಗೇ ನಗುತ್ತಿದ್ದಳು. ಮೆಟ್ಟಿಲ ಮೇಲಿರುವಷ್ಟು ಹೊತ್ತು ಎಲ್ಲರ ಬಾಯಲ್ಲೂ ‘ತಾಯಿ, ತಾಯಿ’. ತಿರುವು ದಾಟಿತೋ, ಅವಳು ಸೆರಗಿನೊಳಗೇ ತಲೆ ತಗ್ಗಿಸಿ ನಿಲ್ಲುತ್ತಿದ್ದಳು, ಅವರು ಅತ್ತ ತಿರುಗಿಯೂ ನೋಡದೆ, ಅವಳ ನೆರಳು ತಾಗದಂತೆ ಸರಿದು ಹೋಗುತ್ತಿದ್ದರು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ಮೂವತ್ತು ವರ್ಷದಲ್ಲಿ ಒಬ್ಬರ ಕಾಲೂ ಜಾರಿರಲಿಲ್ಲ. ಅದನ್ನು ಅವರು ಬಾಗಿಲ ಕೃಪೆ ಎನ್ನುತ್ತಿದ್ದರು.

ಅವಳಿಗೂ ಅದೇ ಸರಿ ಎನಿಸುತ್ತಿತ್ತು. ಬಾಗಿಲನ್ನು ಅವಳು ನಂಬಿದ್ದಳೇ? ಆ ಪ್ರಶ್ನೆಯನ್ನು ಅವಳು ತನಗೆ ಹಾಕಿಕೊಂಡವಳಲ್ಲ. ಸೆರಗು ಎಳೆದುಕೊಳ್ಳುವುದನ್ನು ಮಾತ್ರ ಒಂದು ದಿನವೂ ತಪ್ಪಿಸಿರಲಿಲ್ಲ.

ಅವಳಿಗಿದ್ದ ಒಂದೇ ಚಿಂತೆ ಅಲುಗುಕಲ್ಲಿನದು. ತಿರುವಿಗೆ ಎರಡು ಮೆಟ್ಟಿಲು ಮೇಲೆ ಒಂದು ಕಲ್ಲು ಸಡಿಲವಾಗಿತ್ತು. ಕಾಲಿಟ್ಟರೆ ಕಟಕ್ ಎಂದು ಒಮ್ಮೆ ಓಲಾಡಿ ನಿಲ್ಲುತ್ತಿತ್ತು. “ಅಲುಗುಕಲ್ಲು ಬಂತು, ಹುಷಾರು” ಎಂದು ಅವಳು ದಿನವೂ ಎಚ್ಚರಿಸುತ್ತಿದ್ದಳು. ಅವಳ ಕಣ್ಣಿಗೆ ಅದು ಹಲ್ಲಿನ ಸಂದಿಯ ಮುಳ್ಳಿನಂತೆ. ಇಂದು ಸರಿ ಮಾಡಬೇಕು, ನಾಳೆ ಸರಿ ಮಾಡಬೇಕು ಎನ್ನುತ್ತಲೇ ಮೂವತ್ತು ವರ್ಷ ಕಳೆದಿತ್ತು.

ಅವಳಿಗೊಬ್ಬಳು ಮಗಳಿದ್ದಳು. ಮಗು ಮೊಲೆ ಬಿಡುವ ಮುಂಚೆಯೇ ಗಂಡ ತೀರಿಹೋಗಿದ್ದ. ಮಗಳು ಬೆಳೆದದ್ದೆಲ್ಲ ತಿರುವಿನ ಕೆಳಗೆ, ಹೊಳೆಯನ್ನೂ ಹೊಲವನ್ನೂ ನೋಡುತ್ತ. ಮೆಟ್ಟಿಲುಗಳೇ ಅವಳ ಆಟದ ಬಯಲು. ಊರಿನವರೆಲ್ಲ ಹೊಲದಲ್ಲಿರುವ ಹೊತ್ತು ನೋಡಿಕೊಂಡು, ಕಣ್ಣು ಮುಚ್ಚಿ, ಹಾಡು ಗುನುಗುತ್ತ ಹಿಂದೆ ಹಿಂದೆ ಇಳಿಯುತ್ತಿದ್ದಳು. ತಾಯಿ ಕಂಡಾಗಲೆಲ್ಲ ಕಿವಿ ಹಿಂಡಿ ಎಳೆದು ತರುತ್ತಿದ್ದಳು. “ನಮಗ್ಯಾಕೆ ಅದು? ನಾವು ಕಣ್ಣು ಬಿಟ್ಟು ಇಳಿಯೋ ಜಾತಿ” ಎನ್ನುತ್ತಿದ್ದಳು.

ಊರಿನ ಮಕ್ಕಳಿಗೆಲ್ಲ ಕೈ ಮುಗಿಯಲು ಒಂದು ಬಾಗಿಲಿದೆ, ತನ್ನ ಕೂಸಿಗೆ ಏನೂ ಇಲ್ಲವಲ್ಲ ಎಂದು ತಾಯಿಯ ಹೊಟ್ಟೆ ಉರಿಯುತ್ತಿತ್ತು. ಅದಕ್ಕೇ ಮಲಗುವಾಗ ಬಾಗಿಲ ಕಥೆ ಹೇಳುತ್ತಿದ್ದಳು. ತಾನು ಒಮ್ಮೆಯೂ ನೋಡದ ಬಾಗಿಲು. ಕರಿಮರದ ಎರಡು ಕದ, ಒಂದೊಂದರ ಮೇಲೂ ಅರಳಿದ ತಾವರೆ, ಅಂಗೈ ಅಗಲದ ಎರಡು ಹಿತ್ತಾಳೆ ಬಳೆ. ಗಾಳಿ ಬಂದಾಗ ಬಳೆಗಳು ಸಣ್ಣಗೆ ನುಡಿಯುತ್ತವೆ, ಅವು ನುಡಿದಾಗ ಕೆಳಗಿರುವ ಮಕ್ಕಳಿಗೆಲ್ಲ ನಿದ್ದೆ ಬರುತ್ತದೆ. ಇಷ್ಟನ್ನೂ ಅವಳು ತನ್ನ ತಲೆಯಿಂದಲೇ ಕಟ್ಟಿದ್ದಳು. ಮಗಳು ಕೈ ಮುಗಿದುಕೊಂಡೇ ನಿದ್ದೆ ಹೋಗುತ್ತಿದ್ದಳು. ತಾಯಿ ಆ ಕೈಗಳನ್ನು ಬಿಡಿಸಿ ಹೊದಿಕೆಯೊಳಗೆ ಇಡುತ್ತಿದ್ದಳು.

ಮಗಳಿಗೆ ಹದಿನೆಂಟು ತುಂಬಿತು. ತಾಯಿಯ ಜೊತೆ ನಿಂತು ಮೊದಲ ಸಲ ಮೆಟ್ಟಿಲು ಹೇಳಬೇಕಾದ ವರ್ಷ ಅದು. ಒಂದು ಮಧ್ಯಾಹ್ನ ಉಣ್ಣುತ್ತ ಕೂತಿದ್ದವಳು ತುತ್ತನ್ನು ತಟ್ಟೆಗೇ ಬಿಟ್ಟಳು.

“ಅವ್ವಾ, ನಾನು ತಿರುಗ್ತೀನಿ.”

“ಎಲ್ಲಿಗೆ?”

“ಬಾಗಿಲ ಕಡೆಗೆ.”

ತಾಯಿಗೆ ಕೈಯಲ್ಲಿದ್ದ ಸೌಟು ಭಾರವಾಯಿತು. “ನಾನು ಮಾಡೋ ಕೆಲಸ ಕೀಳು ಅನ್ನಿಸ್ತಾ ನಿನಗೆ?”

“ಹಂಗಲ್ಲ ಕಣವ್ವ. ಅಷ್ಟು ಚೆಂದ ಹೇಳಿಕೊಟ್ಟೆ. ತಾವರೆ ಅಂದೆ, ಬಳೆ ಅಂದೆ. ಹೇಳಿಕೊಟ್ಟು ನೋಡಬೇಡ ಅಂದ್ರೆ ಹೆಂಗೆ?”

ಬೇಡ ಎನ್ನಬಹುದಿತ್ತು. ಅದೆಲ್ಲ ನಾನು ಕಟ್ಟಿದ ಕಥೆ ಮಗಳೇ ಎನ್ನಬಹುದಿತ್ತು. ಆದರೆ ಆ ಹುಡುಗಿಯ ಮುಖದಲ್ಲಿ ಅಂಥದೊಂದು ಬೆಳಕಿತ್ತು. ಇಂಥ ಬೆಳಕು ಮೂಡಲಿ ಎಂದೇ ಅಲ್ಲವೇ ತಾನು ಕಥೆ ಹೇಳಿದ್ದು? ತಾಯಿ ಎದ್ದು ತಟ್ಟೆಗೆ ಇನ್ನಷ್ಟು ಸಾರು ಹಾಕಿದಳು.

ಬೆನ್ನಿನವಳ ಮಗಳು ಮೊದಲ ಮೆಟ್ಟಿಲು ಹೇಳುವ ಮುಂಚೆ ಒಂದೇ ಒಂದು ಸಲ ‘ತಿರುಗುತ್ತೇನೆ’ ಎಂದು ಕೇಳಬಹುದು ಎಂಬ ಕಟ್ಟಳೆ ಊರಿನಲ್ಲಿತ್ತು. ಇದ್ದದ್ದು ಹೌದು, ಕೇಳಿದವರು ಯಾರೂ ಇರಲಿಲ್ಲ. ಬಾಗಿಲ ಹಿರಿಯ, ಅಂದರೆ ಆ ಊರಿನ ಕಟ್ಟಳೆಗಳನ್ನೆಲ್ಲ ನೆನಪಿಟ್ಟುಕೊಂಡ ಮುದುಕ, ಮರುದಿನ ಮೇಲಿನ ಮೆಟ್ಟಿಲ ಮೇಲೆ ನಿಂತು, ತಾಯಿಗೆ ಬೆನ್ನು ಮಾಡಿ, ಬಾಗಿಲನ್ನು ನೋಡುತ್ತ ಅದನ್ನು ಬಿಡಿಸಿ ಹೇಳಿದ.

“ಏಳು ದಿನ ಮೇಲಿರಬೇಕು. ಎಂಟನೆಯ ದಿನ ನಡುಹಗಲಿಗೆ ಇಳಿಯಬೇಕು. ಬಾಗಿಲನ್ನು ನೋಡುತ್ತ, ಒಬ್ಬಳೇ. ಯಾರ ಧ್ವನಿಯೂ ಇರಬಾರದು. ಧ್ವನಿ ಕೇಳದೆ ಇಳಿದರೆ ಅವಳು ಬಾಗಿಲ ಮಗಳು, ನಮ್ಮ ಮನೆಗಳಲ್ಲಿ ಒಬ್ಬಳಾಗುತ್ತಾಳೆ. ನೀನು ಒಂದು ಮಾತು ಆಡಿದರೂ ಎಲ್ಲ ಮುರಿಯಿತು. ಆಮೇಲೆ ಸಾಯುವ ತನಕ ಅವಳೂ ನಿನ್ನ ಹಾಗೆಯೇ.”

“ಇಳಿಯುವಾಗ ಅವಳು ಬಿದ್ದರೆ?”

“ಬಾಗಿಲು ನೋಡಿಕೊಳ್ಳುತ್ತೆ” ಎಂದ ಹಿರಿಯ. ಅಷ್ಟು ಹೇಳಿ, ತನ್ನ ಹೊಲಕ್ಕೆ ಹೋಗಬೇಕಾಗಿದ್ದುದರಿಂದ, “ಎಲ್ಲಿ, ಹೇಳು ತಾಯಿ” ಎಂದು ಹಿಮ್ಮಡಿ ಎತ್ತಿದ. ಬೆನ್ನಿನವಳು ಹೇಳಿದಳು. ಹಿರಿಯ ಇಳಿದ. ಊರಿಗೆ ಊರೇ ಮಾಡಲಾರದ್ದನ್ನು ಒಂದು ಹುಡುಗಿಯ ಮೇಲೆ ಹೊರಿಸಿದ್ದೇವೆ ಎಂದು ಸಾಲಿನಲ್ಲಿದ್ದ ಯಾರಿಗೂ ಹೊಳೆಯಲಿಲ್ಲ. ಹೊಳೆದಿದ್ದರೂ ಅದನ್ನು ಆಡುವ ಬಾಯಿ ಆ ಊರಿನದಲ್ಲ.

ಮಗಳು ಮೇಲೆ ಹೋದಳು. ಗುಡಿಸಲಲ್ಲಿ ಒಂದು ತಟ್ಟೆ ಒಲೆಯ ಪಕ್ಕದಲ್ಲೇ ಕವುಚಿ ಬಿದ್ದಿತ್ತು.

ಆರನೆಯ ದಿನ ಮಧ್ಯಾಹ್ನ, ಊರೆಲ್ಲ ಹೊಲದಲ್ಲಿರುವಾಗ, ತಾಯಿ ತಡೆಯಲಾರದೆ ಮೆಟ್ಟಿಲು ಹತ್ತಿದಳು. ಸೆರಗು ಎಳೆದುಕೊಂಡು ಮೇಲಿನ ಮೆಟ್ಟಿಲ ಹತ್ತಿರ ಹೋಗಿ, ಕೆಳಗೆ ಮುಖ ಮಾಡಿ ಕೂತಳು. ಸ್ವಲ್ಪ ಹೊತ್ತಿಗೆ ಹಿಂದಿನಿಂದ ಹೆಜ್ಜೆ ಕೇಳಿಸಿತು. ಆ ಹೆಜ್ಜೆಗೆ ಗುರುತು ಹೇಳುವವರು ಬೇಕಿರಲಿಲ್ಲ. ಮಗಳು ಬಾಗಿಲ ಕಡೆ ಮುಖ ಮಾಡಿಯೇ ಹಿಂದೆ ಹಿಂದೆ ಬಂದು ಕೂತಳು. ಬೆನ್ನಿಗೆ ಬೆನ್ನು ತಾಗಿತು. ಬಿಸಿಲಿಗೆ ಕಾದ ಬೆನ್ನು.

“ಊಟ ಆಯ್ತಾ?” ಎಂದಳು ತಾಯಿ.

“ಆಯ್ತು. ಪಾಯಸ ಮಾಡಿದ್ರು.”

“ಬೆಲ್ಲ ಸರಿಯಾಗಿ ಹಾಕಿದ್ರಾ?”

“ನಿನ್ನಷ್ಟು ಹಾಕಲ್ಲ ಬಿಡು.”

ಇಬ್ಬರೂ ಸಣ್ಣಗೆ ನಕ್ಕರು. ನಗು ಬೆನ್ನಿನಿಂದ ಬೆನ್ನಿಗೆ ಹಾಯಿತು. ಆಮೇಲೆ ತಾಯಿ ಕೇಳಬೇಕೆಂದಿದ್ದನ್ನು ಕೇಳಿದಳು.

“ನೋಡಿದೆಯಾ?”

ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. “ನೋಡಿದೆ.”

“ಹೆಂಗೈತೆ?”

“ನೀನು ಹೇಳಿದ ಹಂಗೇ ಐತವ್ವ.”

“ತಾವರೆ?”

“ಐತೆ. ಎರಡು ಕದದಲ್ಲೂ.”

“ಬಳೆ?”

“ಗಾಳಿ ಬಂದ್ರೆ ನುಡೀತವೆ. ಸಣ್ಣಗೆ.”

ತಾಯಿಯ ಮೈ ಜುಮ್ಮೆಂದಿತು. ತನ್ನ ತಲೆಯಿಂದ ಕಟ್ಟಿದ್ದು ಅಲ್ಲಿ ಹಾಗೆಯೇ ಇದೆ ಎಂದರೆ? ತನ್ನ ಬಾಯಿಗೆ ಆ ಮಾತು ತಂದಿಟ್ಟವರು ಯಾರು? ಮೂವತ್ತು ವರ್ಷ ಬೆನ್ನು ಕೊಟ್ಟವಳು ಆ ಮಧ್ಯಾಹ್ನ, ಮಗಳ ಬೆನ್ನಿಗೆ ಒರಗಿಕೊಂಡು, ಹುಟ್ಟಿದ ಮೇಲೆ ಮೊದಲ ಸಲ ಬಾಗಿಲನ್ನು ನಂಬಿದಳು. ಕಣ್ಣಲ್ಲಿ ನೀರು ಬಂತು. ಸೆರಗಿನೊಳಗಿದ್ದದ್ದರಿಂದ ಯಾರಿಗೂ ಕಾಣಲಿಲ್ಲ.

“ಇಳಿಯೋಕೆ ಭಯ ಇಲ್ಲವಾ?”

“ಯಾತರ ಭಯ? ಕಲ್ಲೇ ಹೇಳ್ತವಲ್ಲ” ಎಂದಳು ಮಗಳು.

ಹುಡುಗಾಟದ ಮಾತು ಎಂದುಕೊಂಡು ತಾಯಿ ನಕ್ಕು ಎದ್ದಳು. ಹೆತ್ತವಳಿಗೆ ಹೆಗ್ಗಣ ಮುದ್ದು, ಮಗಳು ಏನು ಆಡಿದರೂ ಅವಳಿಗೆ ಮುತ್ತು. ಆ ಮಾತಿನ ಒಳಗೆ ಕಿವಿ ಇಟ್ಟು ಕೇಳಲಿಲ್ಲ.

ನಂಬಿಕೆ ಬಂದರೂ ಹೆತ್ತ ಕರುಳು ಸುಮ್ಮನಿರಬೇಕಲ್ಲ. ಮೇಲಿನದನ್ನು ಬಾಗಿಲು ನೋಡಿಕೊಳ್ಳಲಿ, ಕೆಳಗಿನದನ್ನು ನಾನು ನೋಡಿಕೊಳ್ಳುತ್ತೇನೆ ಎಂದುಕೊಂಡಳು. ಎಂಟನೆಯ ದಿನ ಬೆಳಿಗ್ಗೆ ಯಾರೂ ಇಳಿಯುವಂತಿರಲಿಲ್ಲ, ದಾರಿಯೆಲ್ಲ ಅವಳದೇ. ಪೊರಕೆ ಹಿಡಿದು ಮೆಟ್ಟಿಲು ಮೆಟ್ಟಿಲೂ ಗುಡಿಸಿದಳು. ಪಾಚಿ ಕೆರೆದಳು. ಉದುರಿದ ಎಲೆ, ಸಣ್ಣ ಹರಳು, ಒಂದನ್ನೂ ಬಿಡದೆ ಹೆಕ್ಕಿದಳು. ಕೊನೆಗೆ ಅಲುಗುಕಲ್ಲಿಗೆ ಬಂದಳು. ಹಾರೆಯಿಂದ ಮೀಟಿ ಎತ್ತಿ, ಅಡಿಗೆ ಚಕ್ಕೆಕಲ್ಲು ತುರುಕಿ, ಜೇಡಿಮಣ್ಣು ಮೆತ್ತಿ ಗುದ್ದಿ ಗುದ್ದಿ ಕೂರಿಸಿದಳು. ಎದ್ದು ನಿಂತು ಎರಡೂ ಕಾಲಲ್ಲಿ ತುಳಿದು ನೋಡಿದಳು. ಕಲ್ಲು ಮಿಸುಕಲಿಲ್ಲ. ಮೂವತ್ತು ವರ್ಷ ನಾಳೆ ನಾಳೆ ಎಂದದ್ದು ಇವತ್ತು ಆಯಿತು. ಉಗುರಿನ ಸಂದಿಯ ಮಣ್ಣನ್ನೂ ತೊಳೆಯದೆ, ಕಟ್ಟಳೆಯಂತೆ ತಿರುವಿನ ಆಚೆ ಇಪ್ಪತ್ತು ಮಾರು ದೂರ ಹೋಗಿ, ಕಮರಿಯ ಕಡೆ ಮುಖ ಮಾಡಿ ನಿಂತಳು. ಎದೆ ಹಗುರಾಗಿತ್ತು.

ನಡುಹಗಲಾಯಿತು. ಮೇಲೆ ಊರಿಗೆ ಊರೇ ಬಾಗಿಲ ಎದುರು ಕೈ ಮುಗಿದು ನಿಂತಿತ್ತು. ಅವರೆಲ್ಲರ ಬೆನ್ನ ಹಿಂದಿನಿಂದ ಮಗಳು ಇಳಿಯತೊಡಗಿದಳು.

ತಾಯಿ ಕಿವಿಯಲ್ಲೇ ನೋಡಿದಳು. ಎಂಥ ಹೆಜ್ಜೆ ಅದು! ಸವೆದ ಮೆಟ್ಟಿಲಲ್ಲಿ ಬಂಡೆಯ ಕಡೆಗೇ ಬಿತ್ತು, ಎತ್ತರದ ಮೆಟ್ಟಿಲಲ್ಲಿ ಬೆರಳೂರಿಯೇ ಇಳಿಯಿತು. ಒಂದೂ ತಡವರಿಸಲಿಲ್ಲ, ಒಂದೂ ತಪ್ಪಲಿಲ್ಲ. ಮಗಳು ಹಾಡೊಂದನ್ನು ಗುನುಗುತ್ತಿದ್ದಳು. ತಾಯಿಯ ತುಟಿ ಸದ್ದಿಲ್ಲದೆ ಆಡುತ್ತಿತ್ತು, ಇಳಿ, ಇಳಿ, ಇಳಿ. ಅವಳು ಹೇಳಬೇಕಾದದ್ದನ್ನೆಲ್ಲ ಮಗಳ ಕಾಲು ಒಂದು ಗಳಿಗೆ ಮುಂಚೆಯೇ ಮಾಡುತ್ತಿತ್ತು. ತಾಯಿಗೆ ಸಂತೋಷಕ್ಕೆ ಉಸಿರು ಕಟ್ಟಿತು.

ಹೆಜ್ಜೆ ಹತ್ತಿರ ಬಂತು. ಗಟ್ಟಿ ಮಾಡಿದ ಕಲ್ಲಿನ ಮೇಲೆ ಕಾಲು ಬಿತ್ತು. ಟಪ್ ಎಂದಿತು. ಆ ಕಾಲು ಅಲ್ಲೊಮ್ಮೆ ಒತ್ತಿ ನೋಡಿತು. ಹಾಡು ನಿಂತಿತು. ಮತ್ತೊಮ್ಮೆ ಒತ್ತಿತು, ಏನನ್ನೋ ಕೇಳುವಂತೆ. ಕಲ್ಲು ಸುಮ್ಮನಿತ್ತು. ಇನ್ನೂ ಬಂದಿಲ್ಲ ಎಂದುಕೊಂಡು ಕಾಲು ಮುಂದಿನ ಮೆಟ್ಟಿಲಿಗೆ ಇಳಿಯಿತು. ಅಲ್ಲಿಯೂ ಒತ್ತಿ ನೋಡಿತು.

ಆಗ ತಾಯಿಗೆ ತಿಳಿಯಿತು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರಲ್ಲ, ಹಾಗೆ. ತಾನು ಜೀವಮಾನವೆಲ್ಲ ಕಣ್ಣು ಬಿಟ್ಟು ಇಳಿದವಳು. ಕಣ್ಣಿದ್ದವಳಿಗೆ ಅಲುಗುವ ಕಲ್ಲು ಅಪಾಯ. ಹಿಂದೆ ಹಿಂದೆ ಇಳಿಯುವವರಿಗೆ ಅದೇ ಗುರುತು. ಕಟಕ್ ಎಂದರೆ ಇನ್ನೆರಡು ಮೆಟ್ಟಿಲು, ಆಮೇಲೆ ಬಂಡೆಯ ಕಡೆ ತಿರುಗು. ಕಣ್ಣು ಮುಚ್ಚಿ ಆಡಿ ಆಡಿ ಮಗಳು ಕಲಿತಿದ್ದ ದಾರಿ ಅದು. ಕಲ್ಲೇ ಹೇಳುತ್ತವೆ ಎಂದಿದ್ದಳು. ಆ ಕಲ್ಲಿನ ಬಾಯಿಗೆ ತಾಯಿ ತನ್ನ ಕೈಯಾರೆ ಮಣ್ಣು ತುರುಕಿದ್ದಳು.

ಕೂಗಬೇಕು. ಬಾಯಿ ತೆರೆದಳು. ಕೂಗಿದರೆ ಎಲ್ಲ ಮುರಿಯಿತು, ಮಗಳು ಮತ್ತೆ ಸೆರಗಿನೊಳಕ್ಕೆ, ಬೆನ್ನಿನ ಬಾಳಿಗೆ. ಬಳೆಗಳು ನುಡಿಯುತ್ತವೆ ಎಂದಿದ್ದಳಲ್ಲ, ಬಾಗಿಲು ಸುಳ್ಳಲ್ಲ, ಬಾಗಿಲು ನೋಡಿಕೊಂಡೀತು. ಹೀಗೆಂದುಕೊಂಡು ಒಂದು ಉಸಿರು, ಒಂದೇ ಒಂದು ಉಸಿರು, ಅವಳು ಬಾಗಿಲಿಗೆ ಬಿಟ್ಟಳು. ಮೂವತ್ತು ವರ್ಷದಲ್ಲಿ ಒಮ್ಮೆಯೂ ತಡವಾಗದ ಧ್ವನಿ ಆ ಒಂದು ಉಸಿರಿನಷ್ಟು ತಡವಾಯಿತು.

“ನಿಲ್ಲು!”

“ಅವ್ವಾ?” ಎಂದಳು ಮಗಳು. ಕೊನೆಯ ಮೆಟ್ಟಿಲನ್ನೂ ದಾಟಿದ ಕಾಲು ಆಗಲೇ ಗಾಳಿಯಲ್ಲಿತ್ತು.

ಕಮರಿಯ ಕಡೆ ಮುಖ ಮಾಡಿ ನಿಂತಿದ್ದವಳ ಕಣ್ಣೆದುರೇ ಅವಳು ಹೋದಳು. ಮೇಲಿನವರು ಉಡಿಸಿದ್ದ ಹಳದಿ ಸೀರೆಯಲ್ಲಿ ಹೋದಳು. ಮುಖ ಕೊನೆಯ ತನಕ ಮೇಲಕ್ಕೇ ಇತ್ತು. ತಾಯಿಯ ಕೂಗು ಗುಡ್ಡಕ್ಕೆಲ್ಲ ಬಡಿದು ಬಂತು. ಬಾಗಿಲ ಎದುರು ಕೈ ಮುಗಿದು ನಿಂತಿದ್ದವರೆಲ್ಲ ಅದನ್ನು ಕೇಳಿದರು. ಒಬ್ಬರೂ ತಿರುಗಲಿಲ್ಲ.

ತಾಯಿಯೇ ಕಮರಿಗೆ ಇಳಿದು, ತಾಯಿಯೇ ಹೊತ್ತು ತಂದು, ಹೊಳೆಯ ದಂಡೆಯಲ್ಲಿ ತಾಯಿಯೇ ಮಣ್ಣು ಮಾಡಿದಳು. ಮೂರು ದಿನ ಯಾರೂ ಇಳಿಯಲಿಲ್ಲ. ನಾಲ್ಕನೆಯ ದಿನ ಊರಿನ ಕೊಡಗಳು ಒಣಗಿದವು. ಬೆನ್ನಿನವಳು ಸೆರಗು ಎಳೆದುಕೊಂಡು ಮೆಟ್ಟಿಲು ಹತ್ತಿದಳು. ಯಾಕೆ ಹತ್ತಿದಳು ಎಂದರೆ ಏನು ಹೇಳಲಿ? ಬೆಳಗಾದರೆ ಹತ್ತುವುದು ಬಿಟ್ಟು ಅವಳಿಗೆ ಬೇರೇನೂ ಬರುತ್ತಿರಲಿಲ್ಲ.

ಸಾಲು ನಿಂತಿತ್ತು. ಮುಂದೆ ಹಿರಿಯ. ಅವನ ಧ್ವನಿಯಲ್ಲಿ ಹಿಂದೆಂದೂ ಇರದ ವಿನಯ.

“ಅಳಬೇಡ ತಾಯಿ. ಬಾಗಿಲು ನಿನ್ನ ಮಗಳನ್ನ ಒಳಗೆ ಕರೆದುಕೊಂಡಿತು. ನಮ್ಮಲ್ಲಿ ಯಾರಿಗೂ ಸಿಗದ ಭಾಗ್ಯ ಅದು. ಇನ್ನು ನೀನು ಬೆನ್ನಿನವಳಲ್ಲ, ಬಾಗಿಲ ಮಗಳ ತಾಯಿ.”

“ಬಾಗಿಲು ಮೇಲೈತೆ ಸ್ವಾಮಿ. ನನ್ನ ಮಗಳು ಬಿದ್ದದ್ದು ಕೆಳಗೆ.”

“ಹಾಗೆಲ್ಲ ಅನ್ನಬಾರದು.”

“ಅವಳಿಗೆ ದಾರಿ ಗೊತ್ತಿತ್ತು” ಎಂದಳು ತಾಯಿ. ಸಾಲಿನ ಕೊನೆಯ ತನಕ ಕೇಳುವಂತೆ ಹೇಳಿದಳು. “ನಿಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಅಲುಗುಕಲ್ಲು ಅವಳಿಗೆ ಗುರುತು. ಅದನ್ನ ಗಟ್ಟಿ ಮಾಡಿದವಳು ನಾನು. ಕೂಗಬೇಕಾದಾಗ ಒಂದು ಉಸಿರು ತಡ ಮಾಡಿದವಳೂ ನಾನೇ. ಬಾಗಿಲ ಬಳೆ ನೆನೆದುಕೊಂಡು ತಡ ಮಾಡಿದೆ.”

“ಯಾವ ಬಳೆ?” ಎಂದ ಹಿರಿಯ.

“ಹಿತ್ತಾಳೆ ಬಳೆ. ಕದದ ಮೇಲಿನವು.”

ಹಿರಿಯ ಬಾಗಿಲನ್ನೇ ನೋಡುತ್ತ ನಿಂತಿದ್ದವನು. ಸುಳ್ಳು ಹೇಳಲು ಅವನಿಗೂ ನಾಲಿಗೆ ಏಳಲಿಲ್ಲ. “ಬಳೆ ಗಿಳೆ ಏನೂ ಇಲ್ಲ ತಾಯಿ. ಬರೀ ಹಲಗೆ. ಒಂದು ಮೂಲೆಗೆ ಗೆದ್ದಲು ಹಿಡಿದಿದೆ. ಅಗುಳಿ ಮುರಿದು ನಾರಿನ ಹಗ್ಗ ಕಟ್ಟಿದ್ದೇವೆ. ಯಾರು ಹೇಳಿದ್ರು ನಿನಗೆ?”

ತಾಯಿ ಮೆಟ್ಟಿಲ ಮೇಲೆ ಕೂತಳು. ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳಲ್ಲ, ಬೆನ್ನಿಗೆ ಬೆನ್ನು ಕೊಟ್ಟು ಕೂತಾಗ, ಆ ಮೌನ ಈಗ ಬಾಯಿ ಬಿಟ್ಟಿತು. ಗೆದ್ದಲು ಹಿಡಿದ ಹಲಗೆಯನ್ನು ಎದುರಿಗೇ ನೋಡುತ್ತ, ಹುಡುಗಿ ತಾಯಿಯ ಮಾತನ್ನು ಕಾಪಾಡಿದ್ದಳು. ಅವ್ವ ಹೇಳಿದ್ದು ಸುಳ್ಳಾಗಬಾರದು ಎಂದು ಬಳೆ ತೊಡಿಸಿದ್ದಳು, ತಾವರೆ ಅರಳಿಸಿದ್ದಳು. ಅವಳಿಗಿದ್ದ ಭಕ್ತಿಯೆಲ್ಲ ತಾಯಿಯ ಮೇಲಿನದು. ತಾಯಿ ಅದನ್ನು ಬಾಗಿಲ ಮೇಲಿನದು ಎಂದು ನಂಬಿದಳು. ನಂಬಿ, ಆ ಉಸಿರನ್ನು ಕಳೆದಳು. ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು. ಸಾಲು ಅಲ್ಲಾಡದೆ ನಿಂತಿತ್ತು.

ಬಹಳ ಹೊತ್ತಾದ ಮೇಲೆ ಕೆಳಗೆ ಹೊಲದಲ್ಲಿ ಕಟ್ಟಿದ್ದ ದನಗಳು ಕೂಗಿದವು. ಬೆನ್ನಿನವಳು ಎದ್ದಳು, ಕಣ್ಣೊರೆಸಿಕೊಂಡಳು, ಕೆಳಗೆ ನೋಡಿದಳು.

“ಇಳೀರಿ” ಎಂದಳು.

ಹೆಜ್ಜೆ ಕೇಳಲಿಲ್ಲ. ಅವಳು ತಲೆ ಓರೆ ಮಾಡಿ ಕಾದಳು. ಹಿಂದೆ ಹೆಂಗಸರ ಕೈಬಳೆಗಳು ಸದ್ದು ಮಾಡಿದವು, ಸಾಲಿನವರು ಕೈ ಜೋಡಿಸುತ್ತಿದ್ದರು.

“ಇಳೀರಿ” ಎಂದು ಮತ್ತೆ ಹೇಳಿದಳು.

“ಹಿರಿಯರೇ, ಇಳೀರಿ. ಮೊದಲನೇದು ಸರಿಯಾಗೇ ಐತೆ.”

“ತಾಯಿ” ಎಂದ ಹಿರಿಯ. “ನನಗೆ ಬಾಗಿಲ ಮೇಲೆ ನಂಬಿಕೆ ಇತ್ತೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ನಿನ್ನ ಧ್ವನಿಯ ಮೇಲಿತ್ತು. ಅದೂ ತಡವಾಗಬಹುದು ಅಂತ ಇವತ್ತು ನೀನೇ ಹೇಳಿದೆ.”

ಯಾರೂ ಮಿಸುಕದ್ದರಿಂದ, ದಿನವೂ ಬೈಯುತ್ತಿದ್ದ ಆ ಮುದುಕಿಯೇ ಸಾಲು ಬಿಟ್ಟು ಮುಂದೆ ಬಂದಳು. ಹಿಮ್ಮಡಿ ಎತ್ತಿದಳು, ಇಳಿಸಿದಳು, ಮತ್ತೆ ಎತ್ತಿದಳು. “ಬೈದುಕೋಬೇಡ ಕಣವ್ವ. ನೀನು ದೊಡ್ಡವಳು, ನಿನಗೆ ಕೈ ಮುಗೀತೀನಿ. ಕಾಲು ಮಾತ್ರ ಕೇಳ್ತಿಲ್ಲ. ನಾನೇನು ಮಾಡಲಿ?” ಎಂದು ಅತ್ತುಬಿಟ್ಟಳು. ಆಮೇಲೆ ಬಾಗಿಲ ಕಡೆ ಮುಖ ಮಾಡಿಯೇ ಮೆಟ್ಟಿಲ ಮೇಲೆ ಮಂಡಿಯೂರಿ, ಅಂಗೈಯಿಂದ ಕೆಳಗಿನ ಕಲ್ಲನ್ನು ಸವರಿ, ಮಗುವಿನಂತೆ ತೆವಳಿಕೊಂಡು ಒಂದು ಮೆಟ್ಟಿಲು ಇಳಿದಳು. ಬೆನ್ನಿನವಳನ್ನು ದಾಟುವಾಗ ಅವಳ ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಮೂವತ್ತು ವರ್ಷದಲ್ಲಿ ಅವಳನ್ನು ಆ ಊರಿನವರು ಮುಟ್ಟಿದ್ದು ಅದೇ ಮೊದಲು.

ಹಿರಿಯ ಇಳಿದ. ಅವನ ಹಿಂದೆ ಒಬ್ಬೊಬ್ಬರೇ ಇಳಿದರು. ಎಲ್ಲರೂ ತೆವಳಿಕೊಂಡು, ಕಲ್ಲು ಕಲ್ಲನ್ನೂ ಸವರಿಕೊಂಡು, ಎಲ್ಲರೂ ಅವಳ ಪಾದ ಮುಟ್ಟಿ. ಅವಳು ಹೇಳುವುದನ್ನು ಬಿಡಲಿಲ್ಲ. ಇದು ಸವೆದೈತೆ, ಬಂಡೆ ಕಡೆ ಇಡಿ ಎಂದಳು. ಅವರು ಕೈ ಮುಗಿದರು, ಸವರಿ ನೋಡಿಯೇ ಕಾಲಿಟ್ಟರು. ಸುಣ್ಣ ಕಾಣದ ಅವಳ ಗುಡಿಸಲ ಮುಂದೆ ಆ ಸಂಜೆಯೇ ಯಾರೋ ರಂಗೋಲಿ ಹಾಕಿ ಹೋದರು.

ಕೊನೆಯವನೂ ದಾಟಿ ಹೋದ ಮೇಲೆ ಮೆಟ್ಟಿಲು ಬರಿದಾಯಿತು. ಬೆನ್ನಿನವಳು ಒಬ್ಬಳೇ ಮೇಲೆ ಉಳಿದಿದ್ದಳು. ಕೆಳಗೆ ಮುಖ ಮಾಡಿಕೊಂಡು, ಒಂದೊಂದೇ ಮೆಟ್ಟಿಲು ಹೇಳುತ್ತ ಇಳಿಯತೊಡಗಿದಳು. ಇಳಿ. ಬೆರಳು ಊರು. ಇಳಿ ಮಗಳೇ. ಅವಳಿಗೆ ಅವಸರವೇನೂ ಇರಲಿಲ್ಲ. ಪ್ರತಿ ಮೆಟ್ಟಿಲಿಗೂ ಒಂದು ಹೆಜ್ಜೆಗೆ ಬೇಕಾದಷ್ಟು ಹೊತ್ತು ಕೊಟ್ಟು, ಕಾದು, ಆಮೇಲೆ ಮುಂದಿನದನ್ನು ಹೇಳಿದಳು. ತಿರುವು ಬಂದಾಗ ಒಂದು ಉಸಿರು ಮುಂಚೆಯೇ ‘ನಿಲ್ಲು’ ಎಂದಳು. ಹೇಳಿ ತಾನೂ ನಿಂತಳು. ಅವಳ ಬೆನ್ನ ಹಿಂದೆ ಯಾರೂ ಇರಲಿಲ್ಲ.